ಜೂನ್ ಅಲ್ಲ, ಮೃಗಶಿರಾ: ಆ್ಯಪ್ ಮಾದರಿಯನ್ನು ತಿದ್ದಿದ ನನ್ನ ಅನುಭವ

ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಸಿಂಪಡಿಸುವ ದಿನವನ್ನು ನೆನಪಿಸುವ ಮೊಬೈಲ್ ಆ್ಯಪ್ ಒಂದರ ಮಾದರಿಯನ್ನು ಫಿಗ್ಮಾ ಎಂಬ ವಿನ್ಯಾಸ ತಂತ್ರಾಂಶದಲ್ಲಿ ಸಿದ್ಧಪಡಿಸಿ ಶಿರಸಿ ಸುತ್ತಲಿನ ಐವರು ಬೆಳೆಗಾರರ ಕೈಗೆ ಕೊಟ್ಟಾಗ, ಹಿಂದಿನ ಸಿಂಪಡಣೆಯ ದಿನಾಂಕ ಕೇಳುವ ಮೊದಲ ಪರದೆಯಲ್ಲೇ ನಾಲ್ವರು ನಿಂತುಬಿಟ್ಟರು. ಅಕ್ಷರ ದೊಡ್ಡದು ಮಾಡಿದೆ, ಪ್ರಯೋಜನವಾಗಲಿಲ್ಲ.

ಆಮೇಲೆ ಫೋನನ್ನು ಬದಿಗಿಟ್ಟು, ಹೋದ ವರ್ಷ ಕೊಳೆರೋಗಕ್ಕೆ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ಮಿಶ್ರಣ) ಹೊಡೆದದ್ದು ಯಾವಾಗ ಎಂದಷ್ಟೇ ಕೇಳಿ ಸುಮ್ಮನೆ ಕುಳಿತೆ. ಮೃಗಶಿರಾ ಮಳೆ ಹಿಡಿಯುವ ಮೊದಲು ಒಮ್ಮೆ, ಪುನರ್ವಸುವಿನಲ್ಲಿ ಎರಡು ದಿನ ಮಳೆ ಬಿಟ್ಟು ಹೊಳವಾದಾಗ ಇನ್ನೊಮ್ಮೆ ಎಂದರು. ಅವರ ನೆನಪು ಮಳೆನಕ್ಷತ್ರಗಳಲ್ಲಿತ್ತು, ನನ್ನ ಪರದೆ ಜೂನ್, ಜುಲೈಗಳಲ್ಲಿತ್ತು. ಆ್ಯಪ್ ಇಷ್ಟವಾಯಿತೇ ಎಂದು ಮೊದಲ ಸಲ ಕೇಳಿದಾಗ ಎಲ್ಲರೂ ಸೌಜನ್ಯದಿಂದ ಹೌದೆಂದಿದ್ದರು. ನಡೆದದ್ದನ್ನು ಕೇಳಿದಾಗಲೇ ನಿಜವಾದ ಅಡಚಣೆ ಕಂಡಿತು.

ಅಂದು ರಾತ್ರಿಯೇ ಕಾಗದದ ಮೇಲೆ ಹೊಸ ಪರದೆ ಬರೆದೆ: ನಕ್ಷತ್ರದ ಹೆಸರು, ಅದರ ಕೆಳಗೆ ಆರಂಭ, ನಡು, ಕೊನೆ ಎಂಬ ಮೂರು ಗುಂಡಿಗಳು. ಒಂದು ಮಳೆನಕ್ಷತ್ರ ಸುಮಾರು 14 ದಿನ ಇರುವುದರಿಂದ, ಎರಡು ಸಿಂಪಡಣೆಗಳ ನಡುವಿನ 40-45 ದಿನಗಳ ಅಂತರದ ಲೆಕ್ಕವನ್ನು ಆ್ಯಪ್ ತಾನೇ ಮಾಡಿಕೊಳ್ಳಬಲ್ಲದು. ಮರುದಿನ ಐವರೂ ಆ ಪರದೆಯನ್ನು ತಡೆಯಿಲ್ಲದೆ ದಾಟಿದರು. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ ತಲಾ 1 ಕಿಲೋ ಮೈಲುತುತ್ತ, ಸುಣ್ಣ ಎಂದು ಆ್ಯಪ್‌ನಲ್ಲಿ ಬರೆದಿದ್ದೆ. ತಮ್ಮ ಡ್ರಮ್ 200 ಲೀಟರಿನದೆಂದು ಒಬ್ಬರು ತೋರಿಸಿದ ಮೇಲೆ ಅದನ್ನೂ ಬದಲಾಯಿಸಿದೆ.