ಬಾಲ ನೋಡಿ, ಆಮೇಲೆ ಹೆಸರು ಹೇಳಿ

ಲಕ್ಷದ್ವೀಪದ ಕಡಮತ್ ದ್ವೀಪಕ್ಕೆ ಹೋಗಿ ಸ್ನಾರ್ಕಲಿಂಗ್‌ಗೆ (ಉಸಿರುಕೊಳವೆ ಕಚ್ಚಿಕೊಂಡು ನೀರಿನೊಳಗೆ ನೋಡುತ್ತ ಈಜುವುದಕ್ಕೆ) ಇಳಿದವರು ಬಂದು ಹೇಳುವ ಮೀನುಗಳಲ್ಲಿ ಇದೊಂದು: ಕಪ್ಪು, ಬಿಳಿ, ಹಳದಿ ಪಟ್ಟೆ, ಬೆನ್ನಿನಿಂದ ಹಿಂದಕ್ಕೆ ಬಾಗಿದ ಉದ್ದನೆಯ ಬಿಳಿ ಎಳೆ. ಆದರೆ ಈ ವರ್ಣನೆಗೆ ಎರಡು ಮೀನುಗಳು ಹೊಂದುತ್ತವೆ. ಒಂದು ಮೂರಿಶ್ ಐಡಲ್, ಇನ್ನೊಂದು ಬ್ಯಾನರ್‌ಫಿಶ್. ಬ್ಯಾನರ್‌ಫಿಶ್ ಚಿಟ್ಟೆಮೀನುಗಳ ಕುಟುಂಬದ್ದು. ಮೂರಿಶ್ ಐಡಲ್‌ನ ಕುಟುಂಬದಲ್ಲಿ ಇಂದು ಬದುಕಿರುವುದು ಅದೊಂದೇ ಜಾತಿ.

ಮೊದಲು ಬಾಲ ನೋಡಿ. ಕಪ್ಪಗಿದ್ದರೆ ಮೂರಿಶ್ ಐಡಲ್, ಹಳದಿಯಾಗಿದ್ದರೆ ಬ್ಯಾನರ್‌ಫಿಶ್. ಮೀನು ತಿರುಗಿ ಓಡುವಾಗಲೂ ಕಾಣುವ ಗುರುತಿದು, ಹಾಗಾಗಿ ಇದಕ್ಕಿಂತ ನಂಬಿಕೆಯದ್ದು ಇನ್ನೊಂದಿಲ್ಲ.

ಆಮೇಲೆ ಮೂತಿ. ಮೂರಿಶ್ ಐಡಲ್‌ನ ಮೂತಿ ಕೊಳವೆಯಂತೆ ಚಾಚಿಕೊಂಡಿರುತ್ತದೆ, ಅದರ ಮೇಲೆ ಕಿತ್ತಳೆ ಛಾಯೆಯ ಹಳದಿ ಮಚ್ಚೆ. ಬ್ಯಾನರ್‌ಫಿಶ್‌ನದು ಗಿಡ್ಡ ಮೂತಿ. ಮೂತಿಯ ವಿಷಯದಲ್ಲಿ ಬಣ್ಣವೊಂದನ್ನೇ ನೆಚ್ಚಬೇಡಿ: ಆಳಕ್ಕೆ ಹೋದಂತೆ ಕೆಂಪು, ಕಿತ್ತಳೆ ಬಣ್ಣಗಳು ಬೇಗ ಮಂಕಾಗುತ್ತವೆ, ಆಕಾರ ಮಾತ್ರ ಹಾಗೇ ಉಳಿಯುತ್ತದೆ.

ಮೀನು ಎಲ್ಲಿದೆ, ಏನು ಮಾಡುತ್ತಿದೆ ಎಂಬುದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ನನ್ನ ಪ್ರಕಾರ ಅರ್ಧ ಗುರುತು ಇರುವುದು ಅಲ್ಲೇ. ಹವಳದ ಸಂದುಗಳಲ್ಲಿ ಮೂತಿ ತೂರಿಸಿ ಸ್ಪಂಜುಗಳನ್ನು ಕಿತ್ತು ತಿನ್ನುತ್ತಿದ್ದರೆ ಅದು ಮೂರಿಶ್ ಐಡಲ್‌ನ ಕೆಲಸ. ಬ್ಯಾನರ್‌ಫಿಶ್‌ನಲ್ಲೂ ಎರಡು ಬಗೆ. ಒಂಟಿಯಾಗಿಯೋ ಜೋಡಿಯಾಗಿಯೋ ಹವಳಕ್ಕೆ ಅಂಟಿಕೊಂಡಂತೆ ಸುತ್ತುವುದು ಒಂದು. ದೊಡ್ಡ ಹಿಂಡು ಕಟ್ಟಿಕೊಂಡು, ಹವಳದ ದಿಬ್ಬದಿಂದ ಮೇಲೆ ನಡುನೀರಿನಲ್ಲಿ ತೇಲಿಬರುವ ಪ್ಲವಕಗಳನ್ನು (ಪುಟ್ಟ ಜೀವಿಗಳನ್ನು) ಹೆಕ್ಕುವುದು ಇನ್ನೊಂದು. ಮಾಲ್ದೀವ್ಸ್‌ನಲ್ಲಿ ಇಂಥ ಹಿಂಡುಗಳು ಕಾಣಸಿಗುತ್ತವೆ. ಇವೆರಡರ ಮೈಬಣ್ಣದ ವ್ಯತ್ಯಾಸ ಎಷ್ಟು ಸೂಕ್ಷ್ಮವೆಂದರೆ, ನೀರಿನಲ್ಲಿ ಮೊದಲ ಸುಳಿವು ಕೊಡುವುದು ನಡವಳಿಕೆಯೇ.

ಜಾಗವನ್ನು ಬರೆದುಕೊಳ್ಳುವಾಗ ಬರೀ ‘ಹವಳದ ದಿಬ್ಬ’ ಎಂದರೆ ಸಾಲದು. ಒಳಗಿನ ತಿಳಿನೀರಿನ ಲಗೂನೋ, ಅಲೆ ಒಡೆಯುವ ಅಂಚೋ, ಹೊರಗಿನ ಇಳಿಜಾರೋ ನಮೂದಿಸಿ. ಹವಳ ಜೀವಂತವಾಗಿದೆಯೇ, ಬಿಳಿಚಿದೆಯೇ, ಸತ್ತು ಪಾಚಿ ಹಿಡಿದಿದೆಯೇ ಎಂಬುದನ್ನೂ ಸೇರಿಸಿ. 1998, 2010 ಮತ್ತು 2016ರಲ್ಲಿ ಸಮುದ್ರ ಬಿಸಿಯೇರಿ ಲಕ್ಷದ್ವೀಪದ ಹವಳಗಳು ಬಿಳಿಚಿದ್ದವು. ಹವಳ ಹೋದ ಮೇಲೆ ಯಾವ ಮೀನು ಉಳಿಯಿತು ಎಂದು ತಿಳಿಯಲು ಇಂಥ ಟಿಪ್ಪಣಿಗಳೂ ಬೇಕು.

ಫೋಟೊ ತೆಗೆಯುವುದಾದರೆ ಮೀನಿನ ಪಕ್ಕದಿಂದ ತೆಗೆಯಿರಿ. ಬಾಲ, ಮೂತಿ ಎರಡೂ ಬರಬೇಕು. ಅಟ್ಟಿಸಿಕೊಂಡು ಹೋಗಬೇಡಿ, ಹವಳದ ಮೇಲೆ ಕಾಲೂರಲೇಬೇಡಿ. ದಡಕ್ಕೆ ಬಂದ ಕೂಡಲೇ ದಿನಾಂಕ, ಹೊತ್ತು, ಅಂದಾಜು ಆಳ ಬರೆದು, ಕಂಡ ಜೀವಿಗಳನ್ನು ಯಾರು ಬೇಕಾದರೂ ದಾಖಲಿಸಬಹುದಾದ ಜಾಲತಾಣ ಐನ್ಯಾಚುರಲಿಸ್ಟ್‌ಗೆ ಸೇರಿಸಿ.