ಇಂಗ್ಲಿಷ್ ಪದ ಒಂಟಿ ಬೇಡ, ಜೋಡಿಯಲ್ಲಿ ಕಲಿಯಿರಿ

ಸೀರೆ ಉಡುತ್ತೇವೆ, ಹೂ ಮುಡಿಯುತ್ತೇವೆ, ಬಳೆ ತೊಡುತ್ತೇವೆ, ಚಪ್ಪಲಿ ಮೆಟ್ಟುತ್ತೇವೆ. 'ಹೂ ಉಡ್ತೀನಿ' ಅಂತ ಪುಟ್ಟ ಮಗು ಅಂದರೆ ಮನೆಯವರು ತಿದ್ದುತ್ತಾರೆ ಅಲ್ವಾ? ಇಂಗ್ಲಿಷಿನಲ್ಲಿ ಈ ನಾಲ್ಕಕ್ಕೂ 'ವೇರ್' ಒಂದೇ ಸಾಕು. ಆದರೆ ಬೇರೆ ಕಡೆ ಇಂಗ್ಲಿಷೂ ಹೀಗೇ ಹಟ ಹಿಡಿಯುತ್ತದೆ. ಪದಗಳ ಈ ನಂಟಿಗೆ 'ಕೊಲೊಕೇಶನ್' ಎನ್ನುತ್ತಾರೆ. 1950ರ ದಶಕದಲ್ಲಿ ಈ ಹೆಸರಿಗೆ ಒತ್ತು ಕೊಟ್ಟವರು ಬ್ರಿಟಿಷ್ ಭಾಷಾವಿಜ್ಞಾನಿ ಜೆ.ಆರ್. ಫರ್ತ್.

ಚಿಕ್ಕಮಗಳೂರಿನ ನಮ್ಮ ಸಂಜೆ ತರಗತಿಗೆ ಹೋಮ್‌ಸ್ಟೇಗಳಲ್ಲಿ ಕೆಲಸ ಮಾಡುವ ಹುಡುಗರು ಬರುತ್ತಾರೆ. ಒಬ್ಬ ಹುಡುಗ ಮುಳ್ಳಯ್ಯನಗಿರಿಗೆ ಹೊರಟ ಅತಿಥಿಗಳಿಗೆ 'ಬಿಗ್ ರೇನ್ ಕಮಿಂಗ್' ಅಂದಿದ್ದ. ಅವರಿಗೆ ಅರ್ಥವಾಯಿತು. ಆದರೆ ಇಂಗ್ಲಿಷಿನಲ್ಲಿ ಜೋರು ಮಳೆ 'ಹೆವಿ ರೇನ್', ಜೋರು ಗಾಳಿ 'ಸ್ಟ್ರಾಂಗ್ ವಿಂಡ್', ದಟ್ಟ ಮಂಜು 'ಥಿಕ್ ಫಾಗ್'. ಯಾಕೆ ಅಂತ ಕೇಳಿದರೆ ರೂಢಿ, ಅಷ್ಟೇ.

ಮೊದಲು ಒಂದು ನೋಟ್‌ಬುಕ್ ಇಡಿ. 'ಡಿಸಿಷನ್ ಅಂದರೆ ನಿರ್ಧಾರ' ಅಂತ ಬರೆಯಬೇಡಿ. 'ಮೇಕ್ ಎ ಡಿಸಿಷನ್' ಅಂತ ಪೂರ್ತಿ ಬರೆಯಿರಿ. ಕೆಳಗೆ ನಿಮ್ಮದೇ ಬದುಕಿನ ಒಂದು ವಾಕ್ಯ ಇರಲಿ.

ಆಮೇಲೆ ಒಂದಿಡೀ ಪುಟವನ್ನು 'ಮಾಡು' ಪದಕ್ಕೇ ಬಿಡಿ. ಕನ್ನಡಿಗರು ಜಾಸ್ತಿ ಎಡವುವುದು ಇಲ್ಲಿ. ನಮಗೆ ಎಲ್ಲವೂ ಮಾಡುವುದೇ. ಬೆಳಿಗ್ಗೆ ಎದ್ದು ಸ್ನಾನ ಮಾಡುತ್ತೇವೆ: 'ಟೇಕ್ ಎ ಬಾತ್'. ಕಾಫಿ ಮಾಡುತ್ತೇವೆ: 'ಮೇಕ್ ಕಾಫಿ'. ಮಗ ಹೋಮ್‌ವರ್ಕ್ ಮಾಡುತ್ತಾನೆ: 'ಡು ಹೋಮ್‌ವರ್ಕ್'. ಅದರಲ್ಲಿ ತಪ್ಪು ಮಾಡುತ್ತಾನೆ: 'ಮೇಕ್ ಎ ಮಿಸ್ಟೇಕ್'. ಸಂಜೆ ಯಾರೋ ಭಾಷಣ ಮಾಡುತ್ತಾರೆ: 'ಗಿವ್ ಎ ಸ್ಪೀಚ್'. ಪುಟದಲ್ಲಿ ಮೇಕ್, ಡು, ಟೇಕ್, ಗಿವ್ ಅಂತ ನಾಲ್ಕು ಕಂಬ ಹಾಕಿ. ಒಂದು ದಿನವಿಡೀ ನಿಮ್ಮ ಬಾಯಲ್ಲಿ 'ಮಾಡು' ಬಂದಾಗಲೆಲ್ಲ ಅದು ಯಾವ ಕಂಬಕ್ಕೆ ಸೇರುತ್ತದೆ ಅಂತ ಹುಡುಕಿ ಬರೆಯಿರಿ. ನಾನು ಹೇಳಿಕೊಡುವ ಅಭ್ಯಾಸಗಳಲ್ಲಿ ಇದರಷ್ಟು ಫಲ ಕೊಟ್ಟದ್ದು ಇನ್ನೊಂದಿಲ್ಲ.

'ಹಾಕು', 'ಕೊಡು' ಪದಗಳಿಗೂ ಹೀಗೇ. ಲೈಟ್ ಹಾಕುವುದು 'ಟರ್ನ್ ಆನ್ ದ ಲೈಟ್', ಗಮನ ಕೊಡುವುದು 'ಪೇ ಅಟೆನ್ಷನ್'.

ಹೊಸ ಜೋಡಿಗಳು ಓದುವಾಗ ಸಿಗುತ್ತವೆ. ಇಂಗ್ಲಿಷ್ ಪತ್ರಿಕೆಯ ಒಂದು ಪುಟ್ಟ ಸುದ್ದಿ ತಗೊಳ್ಳಿ. ನಾಮಪದಗಳ ಕೆಳಗೆ ಪೆನ್ಸಿಲ್ ಗೆರೆ ಎಳೆಯಿರಿ. ಪ್ರತಿಯೊಂದರ ಅಕ್ಕಪಕ್ಕ, ಮುಖ್ಯವಾಗಿ ಎಡಗಡೆ, ಯಾವ ಪದ ಕೂತಿದೆ ನೋಡಿ. ಕೊಲೊಕೇಶನ್‌ಗೆಂದೇ ಇರುವ ಡಿಕ್ಷನರಿಯಲ್ಲೂ ಹುಡುಕಬೇಕಾದ್ದು 'ಹೆವಿ' ಅಲ್ಲ, 'ರೇನ್'. ದಿನಕ್ಕೆ ಐದು ಜೋಡಿ ಸಾಕು. ತೋಟದ ಕೆಲಸ ಬಲ್ಲವರು ಅಲ್ಲಿಂದಲೇ ಶುರು ಮಾಡಬಹುದು: ಹಣ್ಣು ಕುಯ್ಯುವುದು 'ಪಿಕ್ ಕಾಫಿ', ಬೀಜ ಹುರಿಯುವುದು 'ರೋಸ್ಟ್ ಕಾಫಿ'. ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಹೂವು ಅರಳಿಸುವ ಮಳೆಗೆ ಪ್ಲಾಂಟರುಗಳು 'ಬ್ಲಾಸಮ್ ಶವರ್' ಅನ್ನುತ್ತಾರೆ. ಎಷ್ಟು ಚೆಂದದ ಜೋಡಿ!

ಬರೆದದ್ದನ್ನು ಸುಮ್ನೆ ಓದಿದರೆ ನೆನಪಿರುವುದಿಲ್ಲ. ಜೋಡಿಯ ಮೊದಲ ಪದವನ್ನು ಬೆರಳಲ್ಲಿ ಮುಚ್ಚಿ, ಬಾಯಿಬಿಟ್ಟು ಹೇಳಿ. ಮರುದಿನ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ವಾರ ಕಳೆದು ಒಮ್ಮೆ. ತಪ್ಪಿದವನ್ನು ಮಾತ್ರ ಚೀಟಿಯಲ್ಲಿ ಬರೆದು ಜೇಬಲ್ಲಿಡಿ. ಹಾಸನದ ಬಸ್ ಹತ್ತಿದರೆ ಬೇಲೂರು ಬರುವಷ್ಟರಲ್ಲಿ ಒಂದು ಸುತ್ತು ಮುಗಿಯುತ್ತದೆ.