ಬಣ್ಣಕ್ಕಿಂತ ಮೊದಲು ಮೈ: ಪ್ಲಾಸ್ಟಿಕ್ ವಿಮಾನದ ಮಾದರಿಯನ್ನು ನಾನು ಮುಗಿಸುವ ಕ್ರಮ

ಮಾದರಿ ಮುಗಿದ ಮೇಲೆ ಬಣ್ಣ ಸರಿಯಾಗಿಲ್ಲ ಅನ್ನಿಸಿದರೆ ತಪ್ಪು ಸಾಮಾನ್ಯವಾಗಿ ಬಣ್ಣದಲ್ಲಿರುವುದಿಲ್ಲ, ಅದರ ಕೆಳಗಿನ ಮೈಯಲ್ಲಿರುತ್ತದೆ. 1/72 ಅಳತೆಯಲ್ಲಿ, ಅಂದರೆ ಮಾದರಿ ನಿಜವಾದ ವಿಮಾನದ 72ರಲ್ಲಿ ಒಂದು ಪಾಲಿದ್ದಾಗ, ಲೆಕ್ಕ ಹಾಕಿ ನೋಡಿ. 0.1 ಮಿ.ಮೀ. ಆಳದ ಒಂದು ಗೀರು ನಿಜವಾದ ವಿಮಾನದ ಮೇಲೆ 7 ಮಿ.ಮೀ.ಗೂ ಹೆಚ್ಚು ಆಳದ ಕಾಲುವೆಗೆ ಸಮ. ಬಣ್ಣದ ಪದರ 0.05 ಮಿ.ಮೀ. ದಪ್ಪವಾದರೂ 3.6 ಮಿ.ಮೀ. ದಪ್ಪದ ಗಾರೆ ಬಳಿದ ಹಾಗೆ. ಹಾಗಾಗಿ ನನ್ನ ಸಮಯದ ದೊಡ್ಡ ಪಾಲು ಹೋಗುವುದು ಜೋಡಿನ ಮೇಲೆ, ಉಜ್ಜುವುದರ ಮೇಲೆ, ಪದರಗಳು ಒಣಗಲಿ ಎಂದು ಸುಮ್ಮನೆ ಬಿಡುವುದರ ಮೇಲೆ. ಬಣ್ಣ ಹೊಡೆಯುವ ಕೆಲಸ ಇದರಲ್ಲಿ ಸಣ್ಣದು.

ಬಿಡಿಭಾಗಗಳನ್ನು ಮೊದಲು ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪಿನ ಎರಡು ಹನಿ ಹಾಕಿ ತೊಳೆಯುತ್ತೇನೆ. ಅಚ್ಚಿನಿಂದ ಬಿಡಿಸಲು ಬಳಸಿದ ಜಿಡ್ಡು ಉಳಿದಿದ್ದರೆ ಬಣ್ಣಕ್ಕೆ ಮೊದಲು ಹೊಡೆಯುವ ಅಡಿಪದರವಾದ ಪ್ರೈಮರ್ ಕಚ್ಚುವುದಿಲ್ಲ. ಆಮೇಲೆ ಬಣ್ಣ ತಾಗಬಾರದ ಕಡೆ ಅಂಟಿಸಿದ ಮಾಸ್ಕಿಂಗ್ ಟೇಪ್ ಎಳೆದಾಗ ಬಣ್ಣವೂ ಜೊತೆಗೇ ಬರುತ್ತದೆ. ಭಾಗಗಳನ್ನು ಸ್ಪ್ರೂನಿಂದ (ಅವು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟು) ಬೇರ್ಪಡಿಸುವಾಗ ಎರಡು ಸಲ ಕತ್ತರಿಸಬೇಕು. ಮೊದಲ ಕಡಿತ ಭಾಗದಿಂದ ಎರಡು ಮೂರು ಮಿ.ಮೀ. ದೂರದಲ್ಲಿ, ಎರಡನೆಯದು ಹತ್ತಿರದಲ್ಲಿ, ಅದೂ ಅರ್ಧ ಮಿ.ಮೀ. ಬಿಟ್ಟು. ಉಳಿದ ಮೊಟಕನ್ನು 600ರ ಉಜ್ಜುಕಾಗದದಲ್ಲಿ (ಸಂಖ್ಯೆ ಹೆಚ್ಚಿದಷ್ಟೂ ಪೇಪರ್ ನುಣುಪು) ಉಜ್ಜಿ ತೆಗೆಯುವುದು. ಒಂದೇ ಏಟಿಗೆ ಬುಡಕ್ಕೆ ಕತ್ತರಿಸಿದರೆ ಪ್ಲಾಸ್ಟಿಕ್ ಒತ್ತಡಕ್ಕೆ ಬೆಳ್ಳಗಾಗುತ್ತದೆ, ಕೆಲವೊಮ್ಮೆ ಭಾಗದ ಒಂದು ಚೂರೇ ಕಿತ್ತು ಬರುತ್ತದೆ.

ಈಗ ಜೋಡು. ಪಾಲಿಸ್ಟೈರೀನ್‌ಗೆ ಹಾಕುವ ಸಿಮೆಂಟ್ ಅಂಟಿನಂತೆ ಕೆಲಸ ಮಾಡುವುದಿಲ್ಲ, ಪ್ಲಾಸ್ಟಿಕ್ಕನ್ನೇ ಕರಗಿಸಿ ಎರಡು ಭಾಗಗಳನ್ನು ಬೆಸೆಯುತ್ತದೆ. ಟಮಿಯಾದ ಎಕ್ಸ್‌ಟ್ರಾ ಥಿನ್ ಸಿಮೆಂಟಿನಂಥ ನೀರಾದ ಸಿಮೆಂಟನ್ನು ಸಂದಿಗೆ ಬ್ರಶ್ಶಿನ ತುದಿ ಮುಟ್ಟಿಸಿದರೆ ಸಾಕು, ತಾನಾಗಿ ಹರಿದು ಒಳಗೆ ಹೋಗುತ್ತದೆ. ವಿಮಾನದ ಒಡಲಿನ ಎರಡು ಅರ್ಧಗಳನ್ನು ಕೂಡಿಸುವಾಗ ನಾನು ಮಾಡುವುದು ಹೀಗೆ: ಎರಡೂ ಅಂಚುಗಳಿಗೆ ಸಿಮೆಂಟ್ ಸವರಿ, ಅರ್ಧ ನಿಮಿಷ ಬಿಟ್ಟು, ಮತ್ತೊಮ್ಮೆ ಸವರಿ ಕೂಡಿಸಿ ಒತ್ತುತ್ತೇನೆ. ಕರಗಿದ ಪ್ಲಾಸ್ಟಿಕ್ ಜೋಡಿನುದ್ದಕ್ಕೂ ಸಣ್ಣ ದಾರದಂತೆ ಹೊರಗೆ ಉಕ್ಕಬೇಕು. ಆ ದಾರ ಎಲ್ಲೂ ಕಡಿಯದೆ ಕಂಡರೆ ಪುಟ್ಟಿಯ ಅಗತ್ಯವೇ ಬರುವುದಿಲ್ಲ, ಯಾಕೆಂದರೆ ಸಂದನ್ನು ತುಂಬಿರುವುದು ಅದೇ ಪ್ಲಾಸ್ಟಿಕ್. ಒತ್ತುವ ಕೈ ಜೋಡಿನ ಮೇಲೆ ಇರಬಾರದು. ಬೆರಳಿನಡಿಗೆ ಸಿಮೆಂಟ್ ನುಗ್ಗಿದರೆ ಬೆರಳಚ್ಚು ಮೈಯಲ್ಲೇ ಕೂರುತ್ತದೆ.

ಆಮೇಲೆ ಕಾಯಬೇಕು. ಮುಟ್ಟಿದರೆ ಗಟ್ಟಿಯಿದೆ ಎಂದು ಒಂದೆರಡು ಗಂಟೆಯಲ್ಲೇ ಉಜ್ಜಲು ಕೂತರೆ ಆ ದಿನ ಜೋಡು ಮಾಯವಾದಂತೆ ಕಾಣುತ್ತದೆ, ಬಣ್ಣ ಹೊಡೆದು ವಾರ ಕಳೆಯುವಷ್ಟರಲ್ಲಿ ಅದೇ ಜಾಗದಲ್ಲಿ ತಗ್ಗು ಗೆರೆಯೊಂದು ಎದ್ದಿರುತ್ತದೆ. ಕಾರಣ ಸರಳ. ಮೆತ್ತಗಾದ ಪ್ಲಾಸ್ಟಿಕ್ಕಿನೊಳಗಿನ ದ್ರಾವಕ ನಿಧಾನವಾಗಿ ಆರಿ ಹೋಗುತ್ತದೆ, ಅದು ಹೋದಷ್ಟೂ ಜೋಡು ಕುಗ್ಗುತ್ತದೆ. ಕುಗ್ಗುವ ಮೊದಲೇ ಸಮ ಮಾಡಿದ್ದು ಕುಗ್ಗಿದ ಮೇಲೆ ತಗ್ಗಾಗುವುದು ಸಹಜ. ಕನಿಷ್ಠ 24 ಗಂಟೆ, ರೆಕ್ಕೆ ಒಡಲು ಸೇರುವಂಥ ದಪ್ಪ ಜಾಗಕ್ಕೆ ಎರಡು ಮೂರು ದಿನ ಬಿಡುವುದು ಒಳ್ಳೆಯದು. ಅಷ್ಟರಲ್ಲಿ ಚಕ್ರ, ಕಾಕ್‌ಪಿಟ್, ಬಾಂಬುಗಳ ಕೆಲಸ ಮಾಡಿಕೊಳ್ಳಬಹುದು.

ಒಣಗಿದ ದಾರವನ್ನು ಮೊದಲು ಬ್ಲೇಡನ್ನು ನೆಟ್ಟಗೆ ಹಿಡಿದು ಹೆರೆಯುತ್ತೇನೆ. ಆಮೇಲೆ 400, 600, 1000, ಕೊನೆಗೆ 1500ರ ವಾಟರ್ ಪೇಪರ್, ನೀರು ಹಾಕಿಕೊಂಡು. ಮಧ್ಯದ ಸಂಖ್ಯೆಯನ್ನು ಹಾರಿಸಬಾರದು. 400ರ ಗೀರನ್ನು 1500 ತೆಗೆಯುವುದಿಲ್ಲ, ಹೊಳಪು ಮಾಡಿ ಮರೆಸುತ್ತದೆ ಅಷ್ಟೆ. ಬಣ್ಣ ಬಿದ್ದ ಕೂಡಲೇ ಅದು ಮತ್ತೆ ಹೊರಗೆ ಬರುತ್ತದೆ. ಒಡಲು ದುಂಡಗಿರುವ ಕಡೆ ಗಟ್ಟಿ ಪಟ್ಟಿಗೆ ಅಂಟಿಸಿದ ಪೇಪರ್ ಬಳಸಿದರೆ ದುಂಡು ಹೋಗಿ ಚಪ್ಪಟೆಯಾಗುತ್ತದೆ. ಅಲ್ಲಿ ಸ್ಪಂಜಿನ ಮೇಲಿನ ಪೇಪರ್, ಅಡ್ಡಡ್ಡಲಾಗಿ ಸುತ್ತು ಹಿಡಿದು ಉಜ್ಜುವ ಕೈ ಬೇಕು.

ದೊಡ್ಡ ಸಂದು ಉಳಿದರೆ ಏನು ತುಂಬಬೇಕು ಅನ್ನುವುದು ಆ ಜಾಗದ ಮೇಲೆ ನಿಂತಿದೆ. ರೆಕ್ಕೆಯ ಬುಡದಲ್ಲಿ ಅರ್ಧ ಮಿ.ಮೀ. ಬಾಯಿಬಿಟ್ಟಿದ್ದರೆ ಪುಟ್ಟಿಗೆ ಕೈ ಹಾಕುವ ಮೊದಲು ಒಡಲಿನೊಳಗೆ ಸ್ಪ್ರೂ ತುಂಡೊಂದನ್ನು ಅಡ್ಡ ಕೊಟ್ಟು ಗೋಡೆಯನ್ನು ಹೊರಕ್ಕೆ ತಳ್ಳುತ್ತೇನೆ. ಸಂದು ಅರ್ಧಕ್ಕರ್ಧ ಮುಚ್ಚುತ್ತದೆ, ಉಳಿದದ್ದಕ್ಕೆ 0.25 ಮಿ.ಮೀ. ಪ್ಲಾಸ್ಟಿಕ್ ಹಾಳೆಯ ಪಟ್ಟಿ ಸಿಗಿಸಿ ಸಿಮೆಂಟ್ ಹಾಕಿದರೆ ಆಯಿತು. ಉಜ್ಜಲು ಆಗದ, ಕೆತ್ತನೆ ತುಂಬಿದ ಜಾಗಕ್ಕೆ ನೀರಿನಲ್ಲಿ ಒರೆಸಬಹುದಾದ ಅಕ್ರಿಲಿಕ್ ಪುಟ್ಟಿ ಸರಿ. ಸಂದಿಗೆ ತುಂಬಿ, ಒದ್ದೆ ಇಯರ್‌ಬಡ್ಡಿನಿಂದ ಮೇಲಿನದನ್ನು ಒರೆಸಿಬಿಡುವುದು. ದ್ರಾವಕದ ಪುಟ್ಟಿಯನ್ನು ಒಂದೇ ಸಲಕ್ಕೆ ದಪ್ಪಗೆ ತುಂಬಿದರೆ ಅದು ಕುಗ್ಗಿ ನಡುವೆ ಕುಳಿ ಬೀಳುತ್ತದೆ, ಎರಡು ತೆಳು ಪದರ ಮೇಲು.

ಉಜ್ಜಲು ಅನುಕೂಲವಿರುವ ಕಡೆ ನನಗೆ ಇಷ್ಟವಾದದ್ದು ಸೂಪರ್ ಗ್ಲೂ ಮತ್ತು ಟಾಲ್ಕಂ ಪೌಡರಿನ ಮಿಶ್ರಣ. ಇದು ಕುಗ್ಗುವುದಿಲ್ಲ. ಪೌಡರ್ ಸೇರಿದ್ದರಿಂದ ಗಟ್ಟಿತನ ಪ್ಲಾಸ್ಟಿಕ್ಕಿನ ಹತ್ತಿರಕ್ಕೆ ಇಳಿಯುತ್ತದೆ. ಒಂದು ಗಂಟೆಯೊಳಗೆ ಉಜ್ಜಿ ಮುಗಿಸಬೇಕು. ರಾತ್ರಿ ಕಳೆದರೆ ಅದು ಸುತ್ತಲಿನ ಪ್ಲಾಸ್ಟಿಕ್ಕಿಗಿಂತ ಗಟ್ಟಿ. ಉಜ್ಜಿದಾಗ ಅಕ್ಕಪಕ್ಕದ ಪ್ಲಾಸ್ಟಿಕ್ ಸವೆದು ನಡುವೆ ದಿಬ್ಬ ನಿಲ್ಲುತ್ತದೆ.

ಉಜ್ಜುವಾಗ ಅಳಿಸಿಹೋದ ಪ್ಯಾನೆಲ್ ಗೆರೆಗಳನ್ನು (ವಿಮಾನದ ಲೋಹದ ಹಾಳೆಗಳು ಸೇರುವ ಗೆರೆಗಳು) ಮತ್ತೆ ಕೊರೆಯಲು ಲೇಬಲ್ ಮಾಡುವ ದಪ್ಪ ಡೈಮೋ ಟೇಪನ್ನು ದಾರಿಯಾಗಿ ಅಂಟಿಸಿ, ಗೆರೆ ಕೊರೆಯುವ ಸ್ಕ್ರೈಬರನ್ನು ಅದರ ಅಂಚಿನಲ್ಲಿ ಎಳೆಯುತ್ತೇನೆ. ಮೊದಲ ಮೂರು ನಾಲ್ಕು ಎಳೆತಕ್ಕೆ ಉಪಕರಣದ ಭಾರ ಬಿಟ್ಟು ಬೇರೆ ಒತ್ತಡ ಬೇಡ. ಗೆರೆ ದಾರಿ ತಪ್ಪುವುದು ಯಾವಾಗಲೂ ಮೊದಲ ಎಳೆತದಲ್ಲಿ, ಅದೂ ಒತ್ತಿದ್ದರಿಂದ. ಎಲ್ಲ ಗೆರೆಯನ್ನೂ ಕೊರೆಯಲೇಬೇಕು ಎಂದೇನಿಲ್ಲ. ಪಿ-51 ಮಸ್ಟ್ಯಾಂಗ್‌ನ ರೆಕ್ಕೆಯ ಮುಂಭಾಗದ ಪ್ಯಾನೆಲ್ ಗೆರೆಗಳನ್ನೂ ರಿವೆಟ್‌ಗಳನ್ನೂ ಕಾರ್ಖಾನೆಯಲ್ಲೇ ಪುಟ್ಟಿಯಿಂದ ಮುಚ್ಚಿ ಬೆಳ್ಳಿ ಬಣ್ಣ ಹೊಡೆಯುತ್ತಿದ್ದರು, ಗಾಳಿ ನಯವಾಗಿ ಹರಿಯಲಿ ಎಂದು. ಆ ರೆಕ್ಕೆಯಲ್ಲಿ ಕಿಟ್ ಕೊಟ್ಟ ಗೆರೆಗಳನ್ನು ತುಂಬಿ ಅಳಿಸುವುದೇ ಸರಿಯಾದ ಕೆಲಸ.

ಪ್ರೈಮರ್ ಎಂದರೆ ನನಗೆ ತನಿಖೆ. ಬೂದು ಬಣ್ಣದ ಮಿಸ್ಟರ್ ಸರ್ಫೇಸರ್ 1500, ಅದಕ್ಕೆ ಒಂದೂವರೆಯಿಂದ ಎರಡು ಪಾಲು ಲೆವೆಲಿಂಗ್ ಥಿನ್ನರ್ (ಬಣ್ಣ ನಿಧಾನವಾಗಿ ಒಣಗಿ ಸಮವಾಗಿ ಹರಡಲು ಬೆರೆಸುವ ದ್ರಾವಕ), ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಶ್ಶಿಗೆ 0.3 ಮಿ.ಮೀ. ನಾಝಲ್, ಒತ್ತಡ 15ರಿಂದ 18 ಪಿಎಸ್‌ಐ. ಈ ಪ್ರೈಮರ್ ಲ್ಯಾಕರ್, ಅಂದರೆ ಗಡುಸು ದ್ರಾವಕದ ಬಣ್ಣ, ಅದರ ಆವಿ ಶ್ವಾಸಕೋಶಕ್ಕೆ ಕೆಟ್ಟದ್ದು. ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲ, ರಾಸಾಯನಿಕ ಆವಿಗೆಂದೇ ಇರುವ ಕಾರ್ಟ್ರಿಜ್ ಮಾಸ್ಕ್ ಮತ್ತು ಗಾಳಿಯನ್ನು ಹೊರಗೆಳೆಯುವ ಫ್ಯಾನ್ ಎರಡೂ ಇರಲೇಬೇಕು. ಒಂದು ತೆಳು ಕೋಟ್ ಬಿದ್ದ ಮೇಲೆ ಮಾದರಿಯನ್ನು ದೀಪದ ಕೆಳಗೆ ಓರೆಯಾಗಿ ತಿರುಗಿಸಿ ನೋಡಿದರೆ ಉಳಿದ ಗೀರು, ಕುಳಿ, ಅರೆ ತುಂಬಿದ ಜೋಡು ಎಲ್ಲ ಎದ್ದು ಕಾಣುತ್ತವೆ. ಸರಿಪಡಿಸಿ, ಆ ಜಾಗಕ್ಕಷ್ಟೇ ಮತ್ತೆ ಪ್ರೈಮರ್. ಎಲ್ಲ ಮುಗಿದ ಮೇಲೆ ಇಡೀ ಮೈಯನ್ನು 2000ರ ಪೇಪರಿನಲ್ಲಿ ನೀರು ಹಾಕಿ ಒಂದು ಸಲ ಮೃದುವಾಗಿ ಸವರಿಬಿಡುತ್ತೇನೆ.

ಏರ್‌ಬ್ರಶ್ಶಿಗೆ ಬಣ್ಣ ಹದವಾಗಿದೆಯೋ ಇಲ್ಲವೋ ಎಂದು ತಿಳಿಯಲು ಅದರ ಬಣ್ಣದ ಬಟ್ಟಲಿನ ಗೋಡೆಗೆ ಬ್ರಶ್ಶಿನಿಂದ ಸ್ವಲ್ಪ ತಾಗಿಸಿ ನೋಡಿ: ಲೋಟದ ಒಳಮೈಯಲ್ಲಿ ಹಾಲು ಇಳಿಯುವ ಹಾಗೆ ತೆಳು ಪರದೆ ಬಿಟ್ಟು ಇಳಿಯಬೇಕು. ಟಮಿಯಾದ ಎಕ್ಸ್‌ಎಫ್ ಬಣ್ಣಗಳಿಗೆ ನಾನು ಸಮಪಾಲು ಥಿನ್ನರಿನಿಂದ ಶುರು ಮಾಡುತ್ತೇನೆ. ವಲ್ಲೆಹೋದಂಥ ನೀರಿನ ಅಕ್ರಿಲಿಕ್‌ಗಳಿಗೆ ಅವರದೇ ಥಿನ್ನರ್ ಬಳಸಿ, ಆಲ್ಕೋಹಾಲ್ ಸೇರಿದರೆ ಬಟ್ಟಲಿನಲ್ಲೇ ಬಣ್ಣ ಮುದ್ದೆಯಾಗುತ್ತದೆ. ಐದಾರು ಸೆಂ.ಮೀ. ದೂರದಿಂದ, ಗಾಳಿಯನ್ನು ಮೊದಲು ಬಿಟ್ಟು ಬಣ್ಣವನ್ನು ಆಮೇಲೆ ಎಳೆದು, ಮಾದರಿಯ ಹೊರಗೆ ಶುರು ಮಾಡಿ ಹೊರಗೇ ನಿಲ್ಲಿಸುವುದು.

ಮೈ ತರಿತರಿಯಾಗಿ ಪುಡಿ ಉದುರಿಸಿದಂತೆ ಕಂಡರೆ ಬಣ್ಣ ತಲುಪುವ ಮೊದಲೇ ಗಾಳಿಯಲ್ಲಿ ಒಣಗುತ್ತಿದೆ. ಹತ್ತಿರ ಹೋಗಿ, ಒತ್ತಡ ಇಳಿಸಿ, ಥಿನ್ನರ್ ಹೆಚ್ಚಿಸಿ. ಜೇಡನ ಕಾಲಿನಂತೆ ಸುತ್ತಲೂ ಹರಿದರೆ ಬಣ್ಣ ತೀರಾ ನೀರಾಗಿದೆ ಅಥವಾ ಒತ್ತಡ ಹೆಚ್ಚಾಗಿದೆ. ಚೆನ್ನಾಗಿ ಬರುತ್ತಿದ್ದ ಬಣ್ಣ ಒಮ್ಮೆಲೇ ಉಗುಳಿದರೆ ಸೂಜಿಯ ತುದಿಯಲ್ಲಿ ಒಣಗಿದ ಬಣ್ಣ ಕೂತಿದೆ, ಥಿನ್ನರಿನಲ್ಲಿ ಅದ್ದಿದ ಬ್ರಶ್ಶಿನಿಂದ ಒರೆಸಿ ಮುಂದುವರಿಯಿರಿ. ಹಳದಿ ಮತ್ತು ಕೆಂಪು ಬೂದು ಪ್ರೈಮರನ್ನು ಮುಚ್ಚುವುದಿಲ್ಲ. ಹಳದಿಗೆ ಕೆಳಗೆ ಬಿಳಿ, ಕೆಂಪಿಗೆ ಕೆಳಗೆ ಗುಲಾಬಿ ಕೊಟ್ಟರೆ ಎರಡೇ ತೆಳು ಕೋಟಿನಲ್ಲಿ ಕೆಲಸ ಮುಗಿಯುತ್ತದೆ. ಇಲ್ಲವಾದರೆ ಆರು ಕೋಟ್ ಹೊಡೆದು ಗೆರೆಗಳೆಲ್ಲ ಹೂತುಹೋಗುತ್ತವೆ.

ಎರಡು ಬಣ್ಣದ ಗಡಿಗೆ ಟೇಪ್ ಹಾಕಿದಾಗ ಅಂಚನ್ನು ಉಗುರಿನಿಂದಲ್ಲ, ಹಲ್ಲುಕಡ್ಡಿಯ ಮೈಯಿಂದ ಒತ್ತುತ್ತೇನೆ. ಆಮೇಲೆ ಮೊದಲಿನ ಬಣ್ಣವನ್ನೇ ಟೇಪಿನ ಅಂಚಿಗೆ ತೆಳುವಾಗಿ ಹೊಡೆಯುವುದು. ಟೇಪಿನಡಿ ನುಸುಳುವುದಿದ್ದರೆ ಅದೇ ಬಣ್ಣ ನುಸುಳಿ ಸಂದು ಮುಚ್ಚುತ್ತದೆ, ಎರಡನೆಯ ಬಣ್ಣದ ಗೆರೆ ಚೂಪಾಗಿ ನಿಲ್ಲುತ್ತದೆ.

ಇನ್ನು ಡೀಕಾಲ್, ಅಂದರೆ ನೀರಿನಲ್ಲಿ ನೆನೆಸಿ ಅಂಟಿಸುವ ಗುರುತುಗಳು. ಡೀಕಾಲಿನ ಪಾರದರ್ಶಕ ಪೊರೆಯ ಅಡಿಯಲ್ಲಿ ಬೆಳ್ಳಿಯಂತೆ ಹೊಳೆಯುವ ಕಲೆ ಕಾಣುತ್ತದಲ್ಲ, ಅದು ಪೊರೆ ಮತ್ತು ಮೈಯ ನಡುವೆ ಸಿಕ್ಕಿಕೊಂಡ ಗಾಳಿ. ಮ್ಯಾಟ್ (ಹೊಳಪಿಲ್ಲದ) ಬಣ್ಣದ ಮೈ ಸೂಕ್ಷ್ಮವಾಗಿ ನೋಡಿದರೆ ಗುಡ್ಡ ಕಣಿವೆ. ಪೊರೆ ಗುಡ್ಡದಿಂದ ಗುಡ್ಡಕ್ಕೆ ಚಾಚಿಕೊಂಡು ಕಣಿವೆಯಲ್ಲಿ ಗಾಳಿ ಉಳಿಯುತ್ತದೆ. ಅದಕ್ಕೇ ಮೊದಲು ಗ್ಲಾಸ್ ಕೋಟ್, ಅಂದರೆ ಹೊಳಪಿನ ಪದರ. ಜಿಎಕ್ಸ್100 ಅಥವಾ ಎಕ್ಸ್-22 ಎಂಬ ಹೊಳಪಿನ ವಾರ್ನಿಶ್, ಎರಡು ಪಾಲು ಲೆವೆಲಿಂಗ್ ಥಿನ್ನರಿನಲ್ಲಿ: ಮೊದಲು ಮಂಜಿನಂತೆ ಒಂದು ಕೋಟ್, ಹತ್ತು ನಿಮಿಷ ಬಿಟ್ಟು ಒದ್ದೆಯಾಗಿ ಕಾಣುವ ಹಾಗೆ ಇನ್ನೊಂದು. 24 ಗಂಟೆ ಬಿಡಬೇಕು.

ಡೀಕಾಲನ್ನು ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ಹದಿನೈದು ಸೆಕೆಂಡ್ ಅದ್ದಿ, ಒದ್ದೆ ಟಿಶ್ಯೂ ಮೇಲೆ ಒಂದು ನಿಮಿಷ ಇಡುತ್ತೇನೆ. ನೀರಲ್ಲೇ ತೇಲಲು ಬಿಟ್ಟರೆ ಅಂಟು ತೊಳೆದುಹೋಗುತ್ತದೆ. ಮಾದರಿಯ ಮೇಲೆ ಡೀಕಾಲ್ ಕೂರಿಸುವ ದ್ರವವಾದ ಮೈಕ್ರೋ ಸೆಟ್ ಒಂದು ಹನಿ, ಅದರ ಮೇಲೆ ಡೀಕಾಲ್ ಜಾರಿಸಿ ಜಾಗಕ್ಕೆ ತಂದು, ಒದ್ದೆ ಇಯರ್‌ಬಡ್ಡನ್ನು ನಡುವಿನಿಂದ ಅಂಚಿನ ಕಡೆಗೆ ಉರುಳಿಸಿ ನೀರು ಹೊರಹಾಕುವುದು. ಆಮೇಲೆ ಮೈಕ್ರೋ ಸೋಲ್. ಇದನ್ನು ಹಚ್ಚಿದ ಕೂಡಲೇ ಪೊರೆ ಮೆತ್ತಗಾಗಿ ಸುಕ್ಕುಗಟ್ಟುತ್ತದೆ. ಇಲ್ಲಿ ಕೈ ಹಿಂದಕ್ಕೆ ತೆಗೆದುಬಿಡಬೇಕು. ಮುಟ್ಟಿದರೆ ಹರಿಯುತ್ತದೆ, ಬಿಟ್ಟರೆ ಒಣಗುತ್ತಾ ತಾನಾಗಿ ಬಿಗಿದು ಪ್ಯಾನೆಲ್ ಗೆರೆಯೊಳಗೆ ಕೂರುತ್ತದೆ. ಗೆರೆಯ ಮೇಲೆ ಇನ್ನೂ ಸೇತುವೆ ಕಟ್ಟಿದ್ದರೆ ಹೊಸ ಬ್ಲೇಡಿನ ತುದಿಯಿಂದ ಗೆರೆಗುಂಟ ಸೀಳಿ ಇನ್ನೊಂದು ಹನಿ. ಬೆಳ್ಳಿ ಕಲೆ ಉಳಿದಿದ್ದರೆ ಸೂಜಿಯಿಂದ ನಾಲ್ಕಾರು ಕಡೆ ಚುಚ್ಚಿ ಅದೇ ದ್ರವ ಬಿಡುವುದು. ಗೊತ್ತಿಲ್ಲದ ಡೀಕಾಲ್ ಹಾಳೆಯಾದರೆ ಬೇಡದ ಗುರುತೊಂದರ ಮೇಲೆ ಮೊದಲು ಪರೀಕ್ಷೆ ಮಾಡಿ. ಕೆಲವು ತೆಳು ಡೀಕಾಲ್‌ಗಳು ಕರಗಿಯೇ ಹೋಗುತ್ತವೆ. ಒಣಗಿದ ಮೇಲೆ ಸುತ್ತಲಿನ ಅಂಟಿನ ಕಲೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಇನ್ನೊಂದು ಗ್ಲಾಸ್ ಕೋಟ್.

ಗೆರೆಗಳಿಗೆ ವಾಶ್ (ಗೆರೆಯೊಳಗೆ ಹರಿದು ಅದನ್ನು ಎದ್ದು ಕಾಣಿಸುವ ನೀರಾದ ಗಾಢ ಬಣ್ಣ) ಹಾಕಲು ಆಯಿಲ್ ಕಲರ್ ಮತ್ತು ವಾಸನೆಯಿಲ್ಲದ ವೈಟ್ ಸ್ಪಿರಿಟ್ ಸಾಕು. ಟ್ಯೂಬಿನ ಬಣ್ಣವನ್ನು ಒಂದು ಗಂಟೆ ರಟ್ಟಿನ ಮೇಲಿಟ್ಟರೆ ಎಣ್ಣೆ ರಟ್ಟಿಗೆ ಇಳಿದು ಬಣ್ಣ ಬೇಗ ಒಣಗುತ್ತದೆ. ಅಪ್ಪಟ ಕಪ್ಪು ಬೇಡ, ಗಾಢ ಕಂದು ಅಥವಾ ಬಣ್ಣದ ಮೈಗಿಂತ ಎರಡು ಮೆಟ್ಟಿಲು ಗಾಢವಾದ ಬೂದು ನೋಡಲು ನಿಜ ಅನ್ನಿಸುತ್ತದೆ. ಗೆರೆಗೆ ಬ್ರಶ್ ತಾಗಿಸಿ ಹರಿಯಲು ಬಿಟ್ಟು, ಅರ್ಧ ಗಂಟೆಯಾದ ಮೇಲೆ ಗಾಳಿ ಹರಿಯುವ ದಿಕ್ಕಿನಲ್ಲೇ, ಅಂದರೆ ಮೂತಿಯಿಂದ ಬಾಲದ ಕಡೆಗೆ ಒರೆಸುತ್ತೇನೆ. ಅಳಿದುಳಿದ ಮಸುಕು ಆಗ ಹಾರಾಟದ ಕೊಳೆಯಂತೆಯೇ ಕಾಣುತ್ತದೆ. ಕೆಳಗಿನ ಬಣ್ಣ ಎನಾಮಲ್ ಆಗಿದ್ದು ಗ್ಲಾಸ್ ಕೋಟ್ ಇಲ್ಲದಿದ್ದರೆ ವಾಶ್ ಅದನ್ನೂ ಕರಗಿಸಿ ತೆಗೆಯುತ್ತದೆ. ವೈಟ್ ಸ್ಪಿರಿಟ್ಟಿನಂಥ ಎನಾಮಲ್ ಥಿನ್ನರ್ ಬಣ್ಣ ಬಳಿಯದ ಪ್ಲಾಸ್ಟಿಕ್ಕಿನ ಮೇಲೆ ನಿಂತರೆ ಅದಕ್ಕಿಂತ ಕೆಟ್ಟದ್ದು. ಬಿಗಿಯಾಗಿ ಒತ್ತಿ ಕೂಡಿಸಿದ ಜಾಗಗಳಲ್ಲಿ ಪ್ಲಾಸ್ಟಿಕ್ ಬಿರುಕು ಬಿಟ್ಟು ಮುರಿಯುತ್ತದೆ, ಚಕ್ರದ ಕಾಲುಗಳು ಮೊದಲು. ಆದ್ದರಿಂದ ಚಕ್ರದ ಗುಂಡಿಯಲ್ಲಿ ವಾಶ್ ಕೊಳವಾಗಿ ನಿಲ್ಲಲು ಬಿಡಬಾರದು.

ಕೊನೆಯ ಮ್ಯಾಟ್ ಕೋಟ್ ತೆಳುವಾಗಿರಬೇಕು. ಮ್ಯಾಟ್ ವಾರ್ನಿಶ್ಶಿನಲ್ಲಿ ಬೆಳಕನ್ನು ಚದುರಿಸುವ ನುಣ್ಣನೆಯ ಪುಡಿ ಇರುತ್ತದೆ, ಅದು ಬಾಟಲಿಯ ತಳಕ್ಕೆ ಇಳಿದಿರುತ್ತದೆ. ಚೆನ್ನಾಗಿ ಕಲಕದಿದ್ದರೆ ಮೊದಲು ಹೊಳಪೇ ಬರುತ್ತದೆ, ಬಾಟಲಿ ಮುಗಿಯುತ್ತಾ ಬಂದಾಗ ಬಿಳಿ ಹೊಗೆ ಹಿಡಿದಂತಾಗುತ್ತದೆ. ತೇವ ಹೆಚ್ಚಿರುವ ದಿನ ಲ್ಯಾಕರ್ ಹೊಡೆದರೂ ಬಿಳಿಚುವುದುಂಟು: ಥಿನ್ನರ್ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಸೇರಿಕೊಳ್ಳುತ್ತದೆ. ಕೂಡಲೇ ಕಂಡರೆ ಲೆವೆಲಿಂಗ್ ಥಿನ್ನರನ್ನು ಮಾತ್ರ ಮಂಜಿನಂತೆ ಹೊಡೆದರೆ ಪದರ ಮತ್ತೆ ಮೆತ್ತಗಾಗಿ ನಿಧಾನವಾಗಿ ಒಣಗಿ ತಿಳಿಯಾಗುತ್ತದೆ.

ಕ್ಯಾನೊಪಿಯನ್ನು, ಅಂದರೆ ಪೈಲಟ್ಟಿನ ತಲೆಯ ಮೇಲಿನ ಪಾರದರ್ಶಕ ಮುಚ್ಚಳವನ್ನು, ಕೂರಿಸಲು ಸೂಪರ್ ಗ್ಲೂ ಬೇಡವೇ ಬೇಡ. ಅದರ ಆವಿ ಗಾಜಿನಂಥ ಪ್ಲಾಸ್ಟಿಕ್ಕಿನ ಮೇಲೆ ಬಿಳಿ ಮಬ್ಬಾಗಿ ಕೂರುತ್ತದೆ, ಒಳಗಡೆ ಕೂತರೆ ಒರೆಸಲೂ ಆಗದು. ಬಿಳಿ ಪಿವಿಎ ಅಂಟು ಸಾಕಷ್ಟು ಹಿಡಿಯುತ್ತದೆ, ಒಣಗಿದಾಗ ಕಾಣುವುದೂ ಇಲ್ಲ. ಚೌಕಟ್ಟಿಗೆ ಮೊದಲು ಕಾಕ್‌ಪಿಟ್ಟಿನ ಬಣ್ಣ, ಅದರ ಮೇಲೆ ಹೊರಗಿನ ಬಣ್ಣ ಹೊಡೆದರೆ ಒಳಗಿನಿಂದ ನೋಡಿದಾಗ ಸರಿಯಾದ ಬಣ್ಣವೇ ಕಾಣುತ್ತದೆ. ಗಾಜಿನಂಥ ಭಾಗವನ್ನು ಮುಚ್ಚಿದ ಮಾಸ್ಕಿಂಗ್ ಟೇಪ್ ತೆಗೆಯುವುದು ಮ್ಯಾಟ್ ಕೋಟ್ ಒಣಗಿದ ಮೇಲೆ, ಟೇಪನ್ನು ಮೇಲಕ್ಕೆ ಎತ್ತದೆ ಅದರ ಮೇಲೇ ಮಡಚಿಕೊಂಡು ಹಿಂದಕ್ಕೆ ಎಳೆದು. ಗಾಜಿನ ಅಂಚಿಗೆ ಬಣ್ಣ ನುಸುಳಿದ್ದರೆ ಹಲ್ಲುಕಡ್ಡಿಯ ತುದಿಯನ್ನು ಉಳಿಯಂತೆ ಓರೆಯಾಗಿ ಕತ್ತರಿಸಿ ಕೆರೆಯಿರಿ, ಪ್ಲಾಸ್ಟಿಕ್ಕಿಗೆ ಗೀರು ಬೀಳದೆ ಬಣ್ಣ ಮಾತ್ರ ಬಿಟ್ಟು ಬರುತ್ತದೆ.